ಸೂಜಿಯ ಹಿಂದಿನ ದಾರ: ಬ್ರಾತ್‌ವೇಟರ ‘ಝೀಯಾ ಮೆಕ್ಸಿಕನ್ ಡೈರಿ’ಯನ್ನು ಓದುವ ಬಗೆ

ವಲಸೆಯನ್ನು ಕುರಿತ ಸಾಹಿತ್ಯ ಹೆಚ್ಚಾಗಿ ಕೆಲಸ ಸಿಕ್ಕಿ ಹೊರಟವನ ಸಾಹಿತ್ಯ. ಅವನು ಏನನ್ನು ಕಳೆದುಕೊಂಡ, ಹೊಸ ಊರಿನಲ್ಲಿ ಏನನ್ನು ಗಳಿಸಿದ, ಮರಳಿ ಬಂದಾಗ ಅವನ ಊರು ಅವನಿಗೆ ಹೇಗೆ ಕಂಡಿತು ಎಂಬುದನ್ನು ಅದು ಬಗೆಬಗೆಯಾಗಿ ಹೇಳುತ್ತದೆ. ಜೊತೆಗೆ ಹೋದವಳ ಮಾತು ಬಂದಾಗ ಮಾತ್ರ ಒಂದು ಗಾದೆಯಲ್ಲಿ ಮುಗಿಸುತ್ತದೆ: ಸೂಜಿಯ ಹಿಂದೆ ದಾರ. ಮದುವೆಯಾದ ಹೊಸತರಲ್ಲೇ ಕಡಲಾಚೆಗೆ ಹೋಗಿ ನೆಲೆಸಿದ ಮಕ್ಕಳಿರುವ ಮನೆಗಳು ನಮ್ಮ ಕಾಸರಗೋಡಿನಲ್ಲಿ ಕಡಿಮೆಯಿಲ್ಲ. ಆ ಮನೆಗಳಲ್ಲಿಯೂ “ಮಗನಿಗೆ ಅಲ್ಲಿ ಕೆಲಸ, ಸೊಸೆಯೂ ಜೊತೆಗಿದ್ದಾಳೆ” ಎಂದು ಹೇಳುವುದೇ ರೂಢಿ. ಈ ರೂಢಿಯ ಮಾತನ್ನು ಪರೀಕ್ಷೆಗೆ ಒಡ್ಡುವ ಒಂದು ಕೃತಿ ನಮ್ಮ ಓದುಗರಿಗೆ ಅಷ್ಟಾಗಿ ಪರಿಚಯವಿಲ್ಲದ ಕೆರಿಬಿಯನ್ ದ್ವೀಪಗಳಿಂದ ಬಂದಿದೆ. ಅದು ಕವಿ ಮತ್ತು ಚರಿತ್ರೆಕಾರ ಕಮಾವು ಬ್ರಾತ್‌ವೇಟ್ 1993ರಲ್ಲಿ ಪ್ರಕಟಿಸಿದ ‘ಝೀಯಾ ಮೆಕ್ಸಿಕನ್ ಡೈರಿ’. ಅದರ ಹಿರಿಮೆ ಎಲ್ಲಿದೆ, ಮಿತಿ ಎಲ್ಲಿದೆ, ಅದರ ಪಕ್ಕದಲ್ಲಿಟ್ಟು ಓದಬೇಕಾದ ಇನ್ನೊಂದು ಪುಸ್ತಕ ಯಾವುದು ಎಂಬುದನ್ನು ಇಲ್ಲಿ ಚರ್ಚಿಸಲಾಗಿದೆ.

ಬ್ರಾತ್‌ವೇಟ್ (1930–2020) ಬಾರ್ಬಡೋಸ್ ದ್ವೀಪದ ಬ್ರಿಜ್‌ಟೌನಿನವರು. ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನಲ್ಲಿ ಚರಿತ್ರೆ ಓದಿದರು. 1955ರಿಂದ 1962ರವರೆಗೆ ಆಫ್ರಿಕಾದ ಘಾನಾದಲ್ಲಿ ವಿದ್ಯಾ ಇಲಾಖೆಯ ಅಧಿಕಾರಿಯಾಗಿದ್ದರು. 1960ರಲ್ಲಿ ರಜೆಯ ಮೇಲಿದ್ದಾಗ ಗಯಾನಾದ ಡೋರಿಸ್ ಮೋನಿಕಾ ವೆಲ್ಕಮ್ ಅವರನ್ನು ಮದುವೆಯಾದರು. ಡೋರಿಸ್ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಗೃಹವಿಜ್ಞಾನವನ್ನೂ ಉಷ್ಣವಲಯದ ಪೋಷಣಶಾಸ್ತ್ರವನ್ನೂ ಓದಿದ ಪದವೀಧರೆ. ಗಂಡನಂತೆಯೇ ಆಕೆಯೂ ಮದುವೆಗೆ ಮೊದಲೇ ಸಮುದ್ರ ದಾಟಿ ಕಲಿತವರು ಎಂಬುದನ್ನು ನಾವು ನೆನಪಿನಲ್ಲಿಡಬೇಕು. ಮದುವೆಯಾದ ಮೂರೇ ವರ್ಷಗಳಲ್ಲಿ ಈ ಸಂಸಾರ ಘಾನಾದಿಂದ ಸೇಂಟ್ ಲೂಸಿಯಾ ದ್ವೀಪಕ್ಕೆ, ಅಲ್ಲಿಂದ 1963ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ಗೆ ಬಂತು. ಅಲ್ಲಿನ ಮೋನಾ ಎಂಬಲ್ಲಿರುವ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಚರಿತ್ರೆ ವಿಭಾಗದಲ್ಲಿ ಬ್ರಾತ್‌ವೇಟರಿಗೆ ಕೆಲಸ ಸಿಕ್ಕಿತ್ತು.

ದ್ವೀಪದಿಂದ ದ್ವೀಪಕ್ಕೆ ಹೋಗುವುದೆಂದರೆ ಹೊಳೆ ದಾಟಿ ಆಚೆ ದಡಕ್ಕೆ ಹೋದಂತೆ ಎಂದು ನಾವು ಭಾವಿಸುವುದುಂಟು. ಬ್ರಿಜ್‌ಟೌನಿನಿಂದ ಕಿಂಗ್‌ಸ್ಟನ್‌ಗೆ ಆಕಾಶಮಾರ್ಗದಲ್ಲಿ ಸುಮಾರು 1,900 ಕಿಲೋಮೀಟರು. ಕಾಸರಗೋಡಿನಿಂದ ದಿಲ್ಲಿಗಿರುವ ದೂರಕ್ಕೆ ಕಡಿಮೆಯೇನಲ್ಲ. ಕಾಲವೂ ಸೂಕ್ಷ್ಮವಾದದ್ದೇ. ಬ್ರಿಟಿಷರ ಕೆರಿಬಿಯನ್ ವಸಾಹತುಗಳನ್ನು ಒಂದುಗೂಡಿಸಿ 1958ರಲ್ಲಿ ಕಟ್ಟಿದ ವೆಸ್ಟ್ ಇಂಡೀಸ್ ಒಕ್ಕೂಟ 1962ರಲ್ಲಿ ಮುರಿದುಬಿತ್ತು. ಅದೇ ವರ್ಷ ಆಗಸ್ಟ್ 6ರಂದು ಜಮೈಕಾ ಪ್ರತ್ಯೇಕ ಸ್ವತಂತ್ರ ದೇಶವಾಯಿತು. ಬಾರ್ಬಡೋಸ್ ಮತ್ತು ಗಯಾನಾ ಸ್ವತಂತ್ರವಾದದ್ದು 1966ರಲ್ಲಿ. ಹೀಗೆ ಒಂದೇ ಸಮುದ್ರದ, ಒಂದೇ ಬಗೆಯ ಚರಿತ್ರೆಯ ಜನರಾಗಿದ್ದೂ ಗಂಡಹೆಂಡಿರಿಬ್ಬರೂ ಜಮೈಕಾದಲ್ಲಿ ಪರದೇಶದವರಾದರು. ಗೆರೆಯೊಂದು ಎಳೆಯಲ್ಪಟ್ಟ ಮೇಲೆ ನೆರೆಯವರು ಹೊರಗಿನವರಾಗುವ ಪರಿಯನ್ನು 1956ರ ರಾಜ್ಯ ಪುನರ್ವಿಂಗಡಣೆಯನ್ನು ಕಂಡ ಮನೆಗಳಿಗೆ ವಿವರಿಸಿ ಹೇಳಬೇಕಾಗಿಲ್ಲ.

ಒಕ್ಕೂಟ ಒಡೆದ ಮೇಲೂ ಒಡೆಯದೆ ಉಳಿದ ಕೆಲವೇ ಸಂಸ್ಥೆಗಳಲ್ಲಿ ಈ ವಿಶ್ವವಿದ್ಯಾಲಯ ಒಂದು. 1948ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಕಾಲೇಜಾಗಿ ಆರಂಭವಾಗಿ 1962ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಅದರ ನೆಲ ಹಿಂದೆ ಗುಲಾಮರು ದುಡಿದ ಕಬ್ಬಿನ ತೋಟ. ತೋಟಕ್ಕೆ ನೀರು ತರುತ್ತಿದ್ದ ಕಲ್ಲಿನ ಮೇಲ್ಗಾಲುವೆಯ ಅವಶೇಷಗಳು ಈಗಲೂ ಅಲ್ಲಿ ನಿಂತಿವೆ. ಆವರಣದ ಪ್ರಾರ್ಥನಾಮಂದಿರವಂತೂ ಟ್ರಿಲಾನಿ ಎಂಬ ಪ್ರಾಂತದ ತೋಟವೊಂದರ ಹಳೆಯ ಕಟ್ಟಡವನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಮತ್ತೆ ಕಟ್ಟಿದ್ದು. ಬೇರೆ ಬೇರೆ ದ್ವೀಪಗಳಿಂದ ಕಿತ್ತು ತಂದ ಸಂಸಾರಗಳು ನೆಲೆಯೂರಿದ್ದು ಇಂಥ ಆವರಣದಲ್ಲಿ.

ಬ್ರಾತ್‌ವೇಟರ ಹೆಸರು ಹರಡಿದ್ದು ಈ ವರ್ಷಗಳಲ್ಲಿ. ‘ರೈಟ್ಸ್ ಆಫ್ ಪ್ಯಾಸೇಜ್’ (1967), ‘ಮಾಸ್ಕ್ಸ್’ (1968), ‘ಐಲೆಂಡ್ಸ್’ (1969) ಎಂಬ ಮೂರು ಕಾವ್ಯಗಳು 1973ರಲ್ಲಿ ‘ದಿ ಅರೈವಂಟ್ಸ್’ ಎಂಬ ಒಂದೇ ಸಂಪುಟವಾಗಿ ಬಂದವು. ಬಂದು ಸೇರಿದವರು ಎಂಬುದು ಆ ಹೆಸರಿನ ಧ್ವನಿ. ಆಫ್ರಿಕಾದಿಂದ ದ್ವೀಪಗಳಿಗೆ, ದ್ವೀಪಗಳಿಂದ ಲಂಡನ್, ನ್ಯೂಯಾರ್ಕ್‌ಗಳಿಗೆ ಚದುರಿದ ಒಂದು ಜನಾಂಗದ ಅಲೆದಾಟವೇ ಅದರ ವಸ್ತು. ಜನರು ಆಡುವ ಇಂಗ್ಲಿಷನ್ನು ಹೀನವಾದ ಉಪಭಾಷೆಯೆಂದು ತಳ್ಳದೆ ಅದನ್ನು ‘ನಾಡಭಾಷೆ’ಯೆಂದು ಕರೆಯಬೇಕೆಂಬ ಅವರ ವಾದ 1984ರ ‘ಹಿಸ್ಟರಿ ಆಫ್ ದಿ ವಾಯ್ಸ್’ನಲ್ಲಿದೆ. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ನುಡಿಯಾಡುವ ನಮಗೆ ಆ ವಾದ ಹೊಸತೆನಿಸದು.

ಈ ಕಾವ್ಯಗಳಲ್ಲಿ ಹೆಣ್ಣಿನ ದನಿ ಇಲ್ಲವೆಂದಲ್ಲ. ‘ದಿ ಡಸ್ಟ್’ ಎಂಬ ಪ್ರಸಿದ್ಧ ಕವನ ಹಳ್ಳಿಯ ಅಂಗಡಿಯಲ್ಲಿ ಸೇರಿದ ಹೆಂಗಸರ ಮಾತುಕತೆಯಿಂದಲೇ ಆಗಿದೆ. 1977ರ ‘ಮದರ್ ಪೊಯೆಮ್’ ಅಮ್ಮನನ್ನೂ ಹುಟ್ಟಿದ ದ್ವೀಪವನ್ನೂ ಒಂದಾಗಿ ಕಾಣುತ್ತದೆ. ಅಂಗಡಿಗೆ ಬಂದ ಹೆಂಗಸಿಗೆ, ತಾಯಿಗೆ, ತಾಯ್ನಾಡಿಗೆ ಕಾವ್ಯದಲ್ಲಿ ಸ್ಥಳ ಸಿಕ್ಕಿದೆ. ಆದರೆ ಒಂದೇ ಸೂರಿನಡಿ ಬಾಳುತ್ತಿದ್ದ, ಊರಿಂದೂರಿಗೆ ಮನೆಯನ್ನು ಹೊತ್ತು ತಂದ ಹೆಂಡತಿಯೇ ನಡುವೆ ನಿಲ್ಲುವ ಪುಸ್ತಕ ಬರಲು 1993ರವರೆಗೆ ಕಾಯಬೇಕಾಯಿತು. ಆ ಹೊತ್ತಿಗೆ ಆಕೆ ತೀರಿಕೊಂಡು ಏಳು ವರ್ಷಗಳಾಗಿದ್ದವು.

ಇದು ಒಬ್ಬ ಕವಿಯ ದೋಷವಷ್ಟೇ ಆಗಿರಲಿಲ್ಲ. ಅದೇ ಚರಿತ್ರೆ ವಿಭಾಗಕ್ಕೆ 1968ರ ಜನವರಿಯಲ್ಲಿ ಬಂದ ಇನ್ನೊಂದು ಎಳೆಯ ದಂಪತಿ ವಾಲ್ಟರ್ ರಾಡ್ನಿ ಮತ್ತು ಪೆಟ್ರೀಷಿಯಾ. ರಾಡ್ನಿಯೂ ಗಯಾನಾದವರು, ಆಗ ಅವರ ವಯಸ್ಸು 25. ಕಿಂಗ್‌ಸ್ಟನ್‌ನ ಬಡಕೇರಿಗಳ ಜನರ ಜೊತೆ ಕುಳಿತು ಆಫ್ರಿಕಾದ ಚರಿತ್ರೆ ಹೇಳುತ್ತಿದ್ದ ಅವರು ಸರಕಾರದ ಕಣ್ಣಿಗೆ ಅಪಾಯಕಾರಿಯಾಗಿ ಕಂಡರು. ಅಕ್ಟೋಬರ್‌ನಲ್ಲಿ ಮಾಂಟ್ರಿಯಲ್‌ನ ಸಮ್ಮೇಳನಕ್ಕೆ ಹೋಗಿ ಹಿಂದಿರುಗಿದಾಗ ದೇಶದೊಳಗೆ ಕಾಲಿಡಲು ಬಿಡಲಿಲ್ಲ. ವಿದ್ಯಾರ್ಥಿಗಳು ಬೀದಿಗಿಳಿದರು, ನಗರದಲ್ಲಿ ದೊಂಬಿಯೆದ್ದಿತು. ಗರ್ಭಿಣಿಯಾಗಿದ್ದ ಪೆಟ್ರೀಷಿಯಾ ಪುಟ್ಟ ಮಗನೊಂದಿಗೆ ಕಿಂಗ್‌ಸ್ಟನ್‌ನಲ್ಲಿದ್ದರು. ಮರುವರ್ಷ ಬಂದ ರಾಡ್ನಿಯವರ ‘ದಿ ಗ್ರೌಂಡಿಂಗ್ಸ್ ವಿತ್ ಮೈ ಬ್ರದರ್ಸ್’ ಆ ಹೋರಾಟದ ಪ್ರಮುಖ ಗ್ರಂಥ. ಅದರ ಹೆಸರಿನಲ್ಲೇ ಸೋದರರಿದ್ದಾರೆ. ಒಂದು ವರ್ಷವೂ ತುಂಬದೆ ಮನೆ ಮುಚ್ಚಿ ಹೊರಡಬೇಕಾದ ಹೆಂಗಸಿನ ಕಡೆಯಿಂದ ಆ ಅಕ್ಟೋಬರ್ ಹೇಗಿತ್ತು ಎಂಬುದಕ್ಕೆ ಅಂಥ ಗ್ರಂಥಗಳಲ್ಲಿ ಪುಟವಿರಲಿಲ್ಲ.

ಈ ಹಿನ್ನೆಲೆಯಲ್ಲಿ ‘ಝೀಯಾ ಮೆಕ್ಸಿಕನ್ ಡೈರಿ’ ಮುಖ್ಯವಾಗುತ್ತದೆ. ಝೀಯಾ ಮೆಕ್ಸಿಕನ್ ಎಂಬುದು ಕವಿ ಹೆಂಡತಿಗೆ ಇಟ್ಟ ಹೆಸರು. ಡೋರಿಸ್ ಹುಟ್ಟಿದ್ದು 1926ರ ಸೆಪ್ಟೆಂಬರ್ 7ರಂದು. ಕ್ಯಾನ್ಸರಿನಿಂದ ತೀರಿಕೊಂಡದ್ದು 1986ರ ಸೆಪ್ಟೆಂಬರ್ 7ರಂದು. ನಮ್ಮ ಲೆಕ್ಕದಲ್ಲಿ ಅರುವತ್ತು ತುಂಬಿದ ದಿನ. ಈ ಎರಡು ದಿನಾಂಕಗಳು ಪುಸ್ತಕದ ಶೀರ್ಷಿಕೆಯ ಭಾಗವಾಗಿವೆ. ಒಳಗೆ ಕಾಯಿಲೆಯ ತಿಂಗಳುಗಳ ದಿನಚರಿಯಿದೆ, ಸಾವಿನ ನಂತರದ ಕಾಗದಗಳಿವೆ, ತನ್ನನ್ನೇ ದೂರಿಕೊಳ್ಳುವ ಮಾತುಗಳಿವೆ. ಅಕ್ಷರಗಳು ಒಮ್ಮೆ ಹಿರಿದು, ಒಮ್ಮೆ ಕಿರಿದು. ಸಾಲುಗಳು ನಡುವೆ ತುಂಡಾಗುತ್ತವೆ. ಕಂಪ್ಯೂಟರ್‌ನ ಅಕ್ಷರವಿನ್ಯಾಸವನ್ನೇ ದನಿಯಂತೆ ಬಳಸುವ ಈ ಶೈಲಿಗೆ ಬ್ರಾತ್‌ವೇಟ್ ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕದ ಕ್ಯಾಲಿಬನ್‌ನ ತಾಯಿ ಸಿಕೊರಾಕ್ಸಳ ಹೆಸರನ್ನು ಕೊಟ್ಟರು. ಆ ನಾಟಕದಲ್ಲಿ ಸಿಕೊರಾಕ್ಸ್ ರಂಗಕ್ಕೆ ಬರುವುದೇ ಇಲ್ಲ. ಅವಳ ವಿಷಯ ಬೇರೆಯವರ ಬಾಯಲ್ಲಿ ಮಾತ್ರ ಕೇಳಿಬರುತ್ತದೆ.

ಶೋಕ ಶ್ಲೋಕವಾಗುವುದೇ ಕಾವ್ಯದ ಹುಟ್ಟು ಎಂಬುದು ನಮ್ಮ ಪರಂಪರೆಯ ನಂಬಿಕೆ. ಈ ಪುಸ್ತಕದ ಪ್ರಾಮಾಣಿಕತೆ ಇರುವುದು ಶೋಕವನ್ನು ಶ್ಲೋಕವಾಗಲು ಬಿಡದಿರುವುದರಲ್ಲಿ. ಇಪ್ಪತ್ತೈದು ವರ್ಷ ಛಂದಸ್ಸನ್ನು ಒಡೆದು ಕಟ್ಟಿದ ಕವಿ ಇಲ್ಲಿ ಒಡೆದದ್ದನ್ನು ಹಾಗೆಯೇ ಬಿಟ್ಟಿದ್ದಾರೆ. ಕೆ.ಎಸ್. ನರಸಿಂಹಸ್ವಾಮಿಯವರ ದಾಂಪತ್ಯಗೀತೆಗಳಲ್ಲಿ ಬೆಳೆದ ನಮ್ಮ ಕಿವಿಗೆ ಈ ಬರಹ ಮೊದಲು ಒರಟೆನಿಸಬಹುದು. ಓದುತ್ತ ಹೋದಂತೆ, ನೆಲೆಯೆಂದು ತಾನು ತಿಳಿದದ್ದು ಊರೂ ಅಲ್ಲ, ಉದ್ಯೋಗವೂ ಅಲ್ಲ, ಇವಳೇ ಎಂದು ಒಬ್ಬ ವಲಸಿಗನಿಗೆ ತಡವಾಗಿ ಅರಿವಾಗುವ ಕಥೆ ಇದು ಎಂಬುದು ಮನವರಿಕೆಯಾಗುತ್ತದೆ. ವಲಸೆಯ ಸಾಹಿತ್ಯಕ್ಕೆ ಇದು ದೊಡ್ಡ ಕೊಡುಗೆ.

ಆದರೂ ಒಂದು ತಕರಾರು ಉಳಿಯುತ್ತದೆ. ಈ ಪುಸ್ತಕದಲ್ಲಿ ಡೋರಿಸ್ ದೊರೆಯುವುದು ಗಂಡನ ದುಃಖದ ಮೂಲಕ, ಗಂಡನಿಟ್ಟ ಹೆಸರಿನಲ್ಲಿ. ದುಃಖ ಸಹಜವಾಗಿಯೇ ಆಕೆಯನ್ನು ಸ್ಫೂರ್ತಿದೇವತೆಯ ಎತ್ತರಕ್ಕೆ ಏರಿಸುತ್ತದೆ. ಪೀಠ ಏರಿದವಳ ಕೈಯ ಕೆಲಸ ಕೆಳಗಿನಿಂದ ಕಾಣುವುದಿಲ್ಲ. ನಮ್ಮಲ್ಲಿ ಹೆಂಗಸಿಗೆ ‘ಗೃಹಲಕ್ಷ್ಮಿ’ ಎಂಬ ಬಿರುದು ಕೊಟ್ಟು ಅವಳ ದುಡಿಮೆಯ ಲೆಕ್ಕವನ್ನು ಮರೆಯುವುದೂ ಇಂಥದ್ದೇ. ಲೆಸ್ಟರ್‌ನ ಪದವೀಧರೆ ಕವಿಪರಿಚಯಗಳಲ್ಲಿ ಮದುವೆಯ ಒಂದು ಸಾಲಿಗೆ ಇಳಿದುಹೋದದ್ದು ಹೇಗೆ ಎಂಬ ಪ್ರಶ್ನೆಗೆ ಎಷ್ಟೇ ಪ್ರೀತಿಯ ಶೋಕಗ್ರಂಥವೂ ಪೂರ್ತಿ ಉತ್ತರ ಕೊಡಲಾರದು.

ಆ ಉತ್ತರದ ಒಂದು ಭಾಗ ಡೋರಿಸ್ ಅವರೇ ಬರೆದ ಪುಸ್ತಕದಲ್ಲಿದೆ. ಗಂಡನ 1950ರಿಂದ 1982ರವರೆಗಿನ ಬರಹಗಳಿಗೆಲ್ಲ ಆಕೆ ಕಾಲಾನುಕ್ರಮದ, ವಿವರಣೆ ಸಹಿತವಾದ ಗ್ರಂಥಸೂಚಿಯೊಂದನ್ನು ಸಿದ್ಧಪಡಿಸಿದರು. ಆಕೆ ತೀರಿಕೊಂಡ ಮೇಲೆ, 1988ರಲ್ಲಿ, ಲಂಡನ್ನಿನ ನ್ಯೂ ಬೀಕನ್ ಬುಕ್ಸ್ ಅದನ್ನು ಪ್ರಕಟಿಸಿತು. ಸೂಚಿಯನ್ನು ವಿಮರ್ಶಕರು ಸಾಹಿತ್ಯವೆಂದು ಎಣಿಸುವುದಿಲ್ಲ; ಕಪಾಟಿನಿಂದ ತೆಗೆದು ಒಂದು ಇಸವಿ ನೋಡಿ ಮತ್ತೆ ಅಲ್ಲೇ ಇಡುತ್ತಾರೆ. ಅದರ ಮೊದಲ ಇಸವಿಯನ್ನು ಗಮನಿಸಿ: 1950 ಎಂದರೆ ಮದುವೆಗೆ ಹತ್ತು ವರ್ಷ ಹಿಂದೆ. ಮನೆ ಮೂರು ನಾಲ್ಕು ದೇಶಗಳನ್ನು ಸುತ್ತಿದ ಮೇಲೂ, ತಾನು ಕೈಹಿಡಿಯುವ ಮುಂಚಿನ ಕಾಲದಿಂದ ಮೊದಲುಗೊಂಡು ಆಕೆ ಎಲ್ಲವನ್ನೂ ದಾಖಲಿಸಿದ್ದಾರೆ. ಇದು ಹಿಂಬಾಲಿಸಿದವಳ ಕೆಲಸವಲ್ಲ, ಕಟ್ಟಿದವಳ ಕೆಲಸ.

ಮುಂದಿನದು ಯಾವ ಕಾದಂಬರಿಕಾರನೂ ಹೊಸೆಯಲು ಹಿಂಜರಿಯುವಂಥ ಸಂಗತಿ. 1988ರ ಸೆಪ್ಟೆಂಬರ್ 12ರಂದು ಗಿಲ್ಬರ್ಟ್ ಚಂಡಮಾರುತ ಜಮೈಕಾಕ್ಕೆ ಅಪ್ಪಳಿಸಿತು. ಕಿಂಗ್‌ಸ್ಟನ್‌ನ ಮೇಲಿನ ಬೆಟ್ಟಗಳಲ್ಲಿ ಐರಿಷ್ ಟೌನ್ ಎಂಬಲ್ಲಿದ್ದ ಬ್ರಾತ್‌ವೇಟರ ಮನೆಯ ಪುಸ್ತಕ, ಹಸ್ತಪ್ರತಿ, ಕಾಗದಪತ್ರಗಳ ಭಂಡಾರ ಹಾಳಾಯಿತು. ಆ ದುರಂತವನ್ನು ಕವಿ 1990ರ ‘ಶಾರ್’ ಕಾವ್ಯದಲ್ಲಿ ಹಾಡಿದ್ದಾರೆ. ಕಾಗದಗಳು ನೆನೆದು ಹೋದ ವರ್ಷವೇ ಅವುಗಳಲ್ಲಿ ಅಚ್ಚಾದವುಗಳ ಲೆಕ್ಕ ಸಮುದ್ರದಾಚೆಯ ಲಂಡನ್‌ನಲ್ಲಿ ಭದ್ರವಾಗಿ ಪುಸ್ತಕವಾಗಿತ್ತು. ಏನು ಬರೆದೆ, ಯಾವಾಗ ಬರೆದೆ, ಎಲ್ಲಿ ಅಚ್ಚಾಯಿತು ಎಂದು ತಿಳಿಯಲು ಕವಿಯೂ ಹೆಂಡತಿಯ ಪುಸ್ತಕವನ್ನೇ ತೆರೆಯಬೇಕಾದ ಸ್ಥಿತಿ. ಹೊಲಿಗೆ ಮುಗಿದ ಮೇಲೆ ಸೂಜಿ ಡಬ್ಬಿಗೆ ಸೇರುತ್ತದೆ. ಬಟ್ಟೆಯನ್ನು ಹಿಡಿದಿಡುವುದು ದಾರ. ಗಾದೆಯನ್ನು ನಾವು ಇಷ್ಟು ಕಾಲ ಅರ್ಧವೇ ಓದಿದ್ದೇವೆ.

ಮಲಯಾಳವನ್ನೂ ಓದುವ ಈ ವಾರ್ಷಿಕದ ಬಳಗಕ್ಕೆ ಇಲ್ಲೊಂದು ಹೋಲಿಕೆ ಹೊಳೆಯದಿರದು. ಪತ್ರಕರ್ತ ಸ್ವದೇಶಾಭಿಮಾನಿ ರಾಮಕೃಷ್ಣ ಪಿಳ್ಳೆಯವರನ್ನು ತಿರುವಿದಾಂಕೂರಿನಿಂದ 1910ರಲ್ಲಿ ಗಡೀಪಾರು ಮಾಡಿದಾಗ ಅವರ ಜೊತೆ ಊರೂರು ಅಲೆದವರು ಪತ್ನಿ ಬಿ. ಕಲ್ಯಾಣಿ ಅಮ್ಮ. ಪಿಳ್ಳೆಯವರು 1916ರಲ್ಲಿ ನಮಗೆ ಹತ್ತಿರದ ಕಣ್ಣೂರಿನಲ್ಲಿ ತೀರಿಕೊಂಡ ಮೇಲೆ ಆಕೆ ಬರೆದ ‘ವ್ಯಾಳವಟ್ಟ ಸ್ಮರಣಕಳ್’ ಹನ್ನೆರಡು ವರ್ಷಗಳ ಸಹಬಾಳ್ವೆಯ ನೆನಪು. ಅಲ್ಲಿ ಅಲೆದವಳೇ ಬರೆದಿದ್ದಾಳೆ. ಅದರಿಂದ ಆ ಗಡೀಪಾರು ರಾಜಕೀಯ ಚರಿತ್ರೆಯಷ್ಟೇ ಆಗದೆ ಒಂದು ಸಂಸಾರದ ಚರಿತ್ರೆಯೂ ಆಗಿ ಉಳಿದಿದೆ. ಬ್ರಾತ್‌ವೇಟರ ಡೈರಿಗಿಂತ ಅದು ಕಾವ್ಯದೃಷ್ಟಿಯಿಂದ ಸರಳ. ಆದರೆ ಡೈರಿಯಲ್ಲಿ ಕಾಣದ ಒಂದು ನೇರ ದನಿ ಅದರಲ್ಲಿದೆ.

ಹಾಗಾದರೆ ‘ಝೀಯಾ ಮೆಕ್ಸಿಕನ್ ಡೈರಿ’ಯನ್ನು ಓದಬೇಕಾದ ಕ್ರಮ ಯಾವುದು? ಒಂಟಿಯಾಗಿ ಓದಿದರೆ ಅದು ವಿರಹದ ಮಹತ್ತರ ಗ್ರಂಥ. ಡೋರಿಸ್ ಅವರ ಸೂಚಿಯ ಪಕ್ಕದಲ್ಲಿಟ್ಟು ಓದಿದರೆ ಇಬ್ಬರೂ ಸೇರಿ ಕಟ್ಟಿದ ಮನೆಯ ಚರಿತ್ರೆ. ಎರಡನೆಯ ಓದು ಹೆಚ್ಚು ನ್ಯಾಯವಾದದ್ದು. ಗಡಿನಾಡಿನ ಕನ್ನಡಕ್ಕಂತೂ ಅದು ಅಗತ್ಯವಾದದ್ದು. ನಮ್ಮ ಬರಹಗಳು ಹೆಚ್ಚಾಗಿ ಉಳಿದಿರುವುದು ಶಾಲಾ ಸಂಚಿಕೆಗಳಲ್ಲಿ, ಸಂಘಗಳ ಸ್ಮರಣ ಸಂಚಿಕೆಗಳಲ್ಲಿ, ಯಾರದೋ ಮನೆಯ ಟ್ರಂಕಿನಲ್ಲಿ. ಅವನ್ನು ಮಳೆಗಾಲದ ತೇವದಿಂದ, ಗೆದ್ದಲಿನಿಂದ ಕಾಪಾಡಿ ಬಿಸಿಲಿಗಿಟ್ಟ ಕೈಗಳು ಯಾರವು ಎಂಬುದನ್ನು ಸಾಹಿತ್ಯ ಚರಿತ್ರೆ ಬರೆಯುವವರು ಕೇಳಬೇಕು. ಪರದೇಶದಿಂದ ಸೊಸೆ ಅತ್ತೆಗೆ ಬರೆದ ಕಾಗದ, ಅಲ್ಲಿನ ಅಂಗಡಿಯ ಲೆಕ್ಕ ಬರೆದಿಟ್ಟ ಪುಸ್ತಕ, ಹೊಸ ಊರಿನಲ್ಲಿ ಸಿಗದ ಸಾಮಾನಿಗೆ ಬದಲು ಏನು ಹಾಕಬೇಕೆಂಬ ಟಿಪ್ಪಣಿ ನಮ್ಮ ಅಟ್ಟಗಳಲ್ಲಿ ಇವೆ. ಅವನ್ನು ವಲಸೆಯ ಸಾಹಿತ್ಯವೆಂದು ಓದುವ ವಿಮರ್ಶೆ ಇನ್ನಾದರೂ ನಮ್ಮಲ್ಲಿ ಬೆಳೆಯಬೇಕು. ಅದೂ ಬರೆದವರು ಇರುವಾಗಲೇ.