ಪುಟ್ಟ ರೈಲಿನವರ ಹರಟೆ: ಕೇಳಲು ಕಲಿಯುವವರಿಗೆ

ಮಾಡೆಲ್ ರೈಲು ಕಟ್ಟುವವರ ಗುಂಪಿಗೆ ಮೊದಲ ಸಂಜೆ ಹೋದಾಗ ಮಾತಿಗೆ ಕಿವಿ ಕೊಡುವ ಮುನ್ನ ಕೈಗಳನ್ನು ನೋಡಿ. ಅಮೆರಿಕದ ಒಹಾಯೋ ರಾಜ್ಯದ ಒಂದು ಮನೆ, ಜನವರಿಯ ಮಂಗಳವಾರ, ಹೊರಗೆ ಮೊಣಕಾಲು ಮುಳುಗುವ ಹಿಮ. ನೆಲಮಾಳಿಗೆಯಲ್ಲಿ ಏಳೆಂಟು ಜನ ಇದ್ದಾರೆ. ಒಬ್ಬರು ಗೂಡ್ಸ್ ಡಬ್ಬಿಯನ್ನು ಅಂಗೈ ಮೇಲೆ ಅಂಗಾತ ಮಲಗಿಸಿ, ಬೆರಳ ತುದಿಯಿಂದ ಗಾಲಿ ತಿರುಗಿಸಿ ನೋಡುತ್ತಿದ್ದಾರೆ. ಇನ್ನೊಬ್ಬರ ಕೈಯಲ್ಲಿ ಒಣಗಿದ ಗಿಡದ ಕಡ್ಡಿಯೊಂದು ಮೆಲ್ಲಗೆ ಮರವಾಗುತ್ತಿದೆ. ಮತ್ತೊಬ್ಬರು ಮೇಜಿನಡಿ ಮಲಗಿ ವೈರು ತಡಕುತ್ತಿದ್ದಾರೆ, ನಮಗೆ ಕಾಣುವುದು ಅವರ ಕಾಲು ಮಾತ್ರ.

"ಈಗ ಬಂತಾ?"

"ಇಲ್ಲ."

"ಈಗ?"

"ಬಂತು... ಹೋಯ್ತು."

ಇಷ್ಟೇ ಮಾತು ಅರ್ಧ ಗಂಟೆ ನಡೆಯುತ್ತದೆ. ಹೊಸಬರಿಗೆ ಇದರಲ್ಲಿ ಏನೂ ಇಲ್ಲ ಅನ್ನಿಸುವುದು ಸಹಜ, ನನಗೂ ಅನ್ನಿಸಿತ್ತು. ಹದಿನಾಲ್ಕು ವರ್ಷ ಇಂಥ ನೆಲಮಾಳಿಗೆಗಳ ಮೆಟ್ಟಿಲು ಇಳಿದು ಹತ್ತಿದ ಮೇಲೆ ಹೇಳುತ್ತೇನೆ, ಈ ಹರಟೆಯ ಶ್ರುತಿ ಇರುವುದೇ ಇಲ್ಲಿ. ಕರೆಂಟು ಎಲ್ಲಿ ತಪ್ಪುತ್ತಿದೆ ಎಂದು ಒಬ್ಬ ಕೆಳಗೆ ಹುಡುಕುತ್ತಾನೆ, ಇನ್ನೊಬ್ಬ ಮೇಲೆ ನಿಂತು ಬೇಸರಪಡದೆ ಉತ್ತರ ಕೊಡುತ್ತಾನೆ. ಮೇಲೆ ನಿಂತವನ ದನಿ ಕೇಳಿ. ಅರ್ಧ ಗಂಟೆ ಕಳೆದರೂ ಅದು ಗಡಸಾಗುವುದಿಲ್ಲ.

ಅವರು ಮಾಡುವ ಕೆಲಸ ಏನೆಂದು ಸ್ವಲ್ಪ ಹೇಳಿಬಿಡುತ್ತೇನೆ. ನಿಜವಾದ ರೈಲನ್ನು 87 ಪಾಲಿನಲ್ಲಿ ಒಂದು ಪಾಲಿಗೆ ಇಳಿಸಿ ಕಟ್ಟುತ್ತಾರೆ. ಈ ಅಳತೆಗೆ ಎಚ್‌ಒ ಎಂದು ಹೆಸರು. 40 ಅಡಿಯ ಗೂಡ್ಸ್ ಡಬ್ಬಿ ಐದೂವರೆ ಇಂಚಾಗುತ್ತದೆ, ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಹಳಿ, ಬೆಟ್ಟ, ಊರು, ಸೇತುವೆ ಎಲ್ಲ ಸೇರಿದ್ದಕ್ಕೆ ಲೇಔಟ್ ಅನ್ನುತ್ತಾರೆ. ಬೆಂಗಳೂರಿನ ನೆಂಟರಿಗೆ ಈ ಮಾತು ಹೇಳಿದರೆ ಸೈಟು ತಗೊಂಡೆಯಾ ಎಂದು ಕೇಳುತ್ತಾರೆ, ಆದ್ದರಿಂದ ಈ ಬರಹದುದ್ದಕ್ಕೂ ಲೇಔಟ್ ಅಂದರೆ ಎದೆಮಟ್ಟದ ಮೇಜಿನ ಮೇಲಿನ ರೈಲಿನ ನಾಡು ಎಂದೇ ತಿಳಿಯಿರಿ. ನಮ್ಮ ಗುಂಪಿನದು ಸರದಿ ಪದ್ಧತಿ. ಈ ವಾರ ಒಬ್ಬರ ಮನೆ, ಮುಂದಿನ ವಾರ ಇನ್ನೊಬ್ಬರ ಮನೆ. ಯಾರ ಮನೆಗೆ ಹೋಗುತ್ತೇವೋ ಅವರ ಲೇಔಟಿನ ಕೆಲಸಕ್ಕೆ ಎಲ್ಲರೂ ಕೈ ಹಾಕುತ್ತೇವೆ. ನಮ್ಮ ಕಡೆ ಗದ್ದೆ ಕೆಲಸಕ್ಕೆ ಮುಯ್ಯಾಳು ಹೋಗುತ್ತಿದ್ದರಲ್ಲ, ಅದೇ ಲೆಕ್ಕ.

ಈ ಒಡನಾಟಕ್ಕೆ ಅಡಿಪಾಯ ಹಾಕಿದ್ದು ಒಂದು ಅಳತೆಪಟ್ಟಿ ಎಂದರೆ ವಿಚಿತ್ರ ಅನ್ನಿಸಬಹುದು. ಹಿಂದೆ ಒಬ್ಬೊಬ್ಬ ತಯಾರಕನ ಗಾಲಿ ಒಂದೊಂದು ಅಳತೆ, ಕೊಂಡಿ ಒಂದೊಂದು ಬಗೆ. ನನ್ನ ಡಬ್ಬಿ ನಿಮ್ಮ ಹಳಿಯ ಮೇಲೆ ಓಡುತ್ತದೆ ಎಂಬ ಭರವಸೆ ಇರಲಿಲ್ಲ. 1934ರಲ್ಲಿ ಮಿಲ್ವಾಕಿಯಲ್ಲಿ ಕಾಲ್ಮ್‌ಬಾಕ್ ಎಂಬವರು 'ಮಾಡೆಲ್ ರೈಲ್‌ರೋಡರ್' ಪತ್ರಿಕೆ ಶುರು ಮಾಡಿದರು. ಮರುವರ್ಷ ಅದೇ ಊರಿನಲ್ಲಿ ಹವ್ಯಾಸಿಗಳು ಸೇರಿ ರಾಷ್ಟ್ರೀಯ ಸಂಘ ಕಟ್ಟಿ, ಎಲ್ಲರೂ ಒಪ್ಪುವ ಅಳತೆಗಳನ್ನು ನಿಗದಿ ಮಾಡಲು ಹೊರಟರು. ಆ ಸಂಘದ ತಗಡಿನ ಅಳತೆಪಟ್ಟಿ ಅಂಗೈಗಿಂತ ಚಿಕ್ಕದು, ಇಂದಿಗೂ ಪ್ರತಿಯೊಬ್ಬರ ಪೆಟ್ಟಿಗೆಯಲ್ಲಿ ಇರುತ್ತದೆ. ಡಬ್ಬಿ ಹಳಿ ತಪ್ಪಿದ ಕೂಡಲೇ ಯಾರೋ ಒಬ್ಬರು ಅದನ್ನು ಗಾಲಿಗೆ ಹಿಡಿದು ನೋಡುತ್ತಾರೆ. ಗಾಲಿ ಕೂದಲೆಳೆಯಷ್ಟು ಒಳಗೆ ಸರಿದಿದ್ದರೆ ಎರಡೂ ಕೈಯಿಂದ ತಿರುಚಿ ಹೊರಗೆ ಎಳೆದು ಮತ್ತೆ ಹಿಡಿಯುತ್ತಾರೆ. ಡಬ್ಬಿ ಯಾರದ್ದು ಎಂದು ಕೇಳುವುದಿಲ್ಲ. ಅದು ನಿಮ್ಮದಾಗಿದ್ದರೆ "ಸರಿಯಾಯಿತು" ಎಂದಷ್ಟೇ ಹೇಳಿ ನಿಮ್ಮ ಕೈಗಿಡುತ್ತಾರೆ. ಥ್ಯಾಂಕ್ಸ್ ಹೇಳಲು ಅವಸರ ಮಾಡಬೇಡಿ. ಮುಂದಿನ ವಾರ ನೀವು ಇನ್ನೊಬ್ಬರ ಗಾಲಿ ತಿರುಚಿ ಕೊಡಿ, ಅದೇ ಸಂದಾಯ.

ಇನ್ನು ಕಿವಿಗೆ ಕೆಲಸ. ಈ ಹರಟೆಗೆ ಎರಡು ದನಿ ಇವೆ. ವೇಳಾಪಟ್ಟಿಯ ಪ್ರಕಾರ ರೈಲು ಓಡಿಸುವ ಸಂಜೆ ಗೋಡೆಯ ಗಡಿಯಾರ ನಾಲ್ಕು ಪಟ್ಟು ವೇಗವಾಗಿ ಓಡುತ್ತದೆ. ಮೂರು ಗಂಟೆಯಲ್ಲಿ ಹನ್ನೆರಡು ಗಂಟೆಯ ಪಾಳಿ ಮುಗಿಯುತ್ತದೆ. ಒಬ್ಬರು ಪಕ್ಕದ ಕೋಣೆಯಲ್ಲಿ ಕೂತು ಕಂಟ್ರೋಲರ್ ಆಗುತ್ತಾರೆ. ಆಗ ನಲವತ್ತು ವರ್ಷದ ಸ್ನೇಹಿತರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ, ರೈಲಿನ ನಂಬರಿನಿಂದ ಕರೆಯುತ್ತಾರೆ. ಅಪ್ಪಣೆ ಬಂದರೆ ಚಾಲಕ ಅದನ್ನು ಪದಪದವಾಗಿ ತಿರುಗಿ ಒಪ್ಪಿಸುತ್ತಾನೆ, ಆಚೆಯವರು ಸಮಯ ಹೇಳಿ ಸರಿ ಅನ್ನುತ್ತಾರೆ. ನಿಜವಾದ ರೈಲಿನಲ್ಲಿ ಜೀವ ಉಳಿಸುವ ಈ ಶಿಸ್ತನ್ನು ಐದೂವರೆ ಇಂಚಿನ ಡಬ್ಬಿಗೂ ಅವರು ತಪ್ಪಿಸುವುದಿಲ್ಲ. ಪಾಳಿ ಮುಗಿದು ಗಡಿಯಾರ ನಿಂತಿತೋ, ಕಾಫಿ ಪಾತ್ರೆಯ ಸುತ್ತ ಎರಡನೆಯ ದನಿ ಶುರುವಾಗುತ್ತದೆ. "ಆ ಲೂಪಿನಲ್ಲಿ ನನ್ನನ್ನು ಇಪ್ಪತ್ತು ನಿಮಿಷ ಕೊಳೆಸಿದೆಯಲ್ಲ ಮಾರಾಯ!" ಈ ಎರಡು ದನಿಗಳ ನಡುವಿನ ಜಿಗಿತ ಹಿಡಿಯಿರಿ. ಎರಡನೆಯ ದನಿಯಲ್ಲಿ ಎಪ್ಪತ್ತೈದು ದಾಟಿದವರನ್ನೂ ಹೆಸರು ಹಿಡಿದೇ ಕರೆಯುವುದು ವಾಡಿಕೆ. ನನ್ನ ನಾಲಗೆ ಅದಕ್ಕೆ ಒಗ್ಗಲು ಎರಡು ವರ್ಷ ಹಿಡಿಯಿತು.

ಪದಗಳನ್ನು ಪಟ್ಟಿ ಮಾಡಿ ಕಲಿಯಬೇಕಿಲ್ಲ, ಒಂದನ್ನು ಬಿಚ್ಚಿ ನೋಡಿದರೆ ಉಳಿದವು ತಾವೇ ತೆರೆದುಕೊಳ್ಳುತ್ತವೆ. ಉಗಿ ಎಂಜಿನ್ನುಗಳನ್ನು ಗಾಲಿಗಳ ಎಣಿಕೆಯಿಂದ ಹೆಸರಿಸುತ್ತಾರೆ: ಮುಂದಿನ ಪುಟ್ಟ ಗಾಲಿ, ನಡುವಿನ ಎಳೆಯುವ ಗಾಲಿ, ಹಿಂದಿನ ಪುಟ್ಟ ಗಾಲಿ. 0-6-0 ಎಂದರೆ ಯಾರ್ಡಿನಲ್ಲಿ ಶಂಟಿಂಗ್ ಮಾಡುವ ಎಂಜಿನ್. ಹಟ ಹಿಡಿದು ನಿಂತ ಡಬ್ಬಿಯನ್ನು ಯಾರಾದರೂ ಕೈಯಿಂದಲೇ ಎತ್ತಿ ಸರಿಸಿದರೆ "0-5-0 ಬಂತು" ಎನ್ನುತ್ತಾರೆ. ಗಾಲಿಗಳು ಜೋಡಿಯಾಗಿಯೇ ಇರಬೇಕು, ಐದು ಗಾಲಿಯ ಎಂಜಿನ್ ಲೋಕದಲ್ಲಿ ಇಲ್ಲ. ಐದು ಇರುವುದು ಬೆರಳು! ಹೊಸಬರ ಕೈ ನಡುಗಿ ಡಬ್ಬಿ ಕೂಡಿಸಲಾಗದೆ ಮುಖ ಕೆಂಪಾದಾಗ ಈ ಮಾತು ಬರುತ್ತದೆ. ತಪ್ಪು ನಿನ್ನದಲ್ಲ, ಎಲ್ಲರ ಬಳಿಯೂ ಈ ಎಂಜಿನ್ ಇದೆ ಎಂದು ಅದರ ಅರ್ಥ. ಇಂಥ ಪದಗಳು ನೆಲಮಾಳಿಗೆಯಲ್ಲೇ ಉಳಿಯುತ್ತವೆ ಅಂದುಕೊಳ್ಳಬೇಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1946ರಲ್ಲಿ ಶುರುವಾದ ಮಾಡೆಲ್ ರೈಲಿನ ಕ್ಲಬ್ಬಿನಲ್ಲಿ ಪೀಟರ್ ಸ್ಯಾಮ್ಸನ್ ಎಂಬ ವಿದ್ಯಾರ್ಥಿ 1959ರಲ್ಲಿ ಸದಸ್ಯರ ಆಡುಮಾತುಗಳ ನಿಘಂಟನ್ನೇ ಬರೆದ. ಕಂಪ್ಯೂಟರಿನವರ 'ಹ್ಯಾಕ್' ಪದ ಲೋಕಕ್ಕೆ ಹರಡಿದ್ದರಲ್ಲಿ ಆ ರೈಲಿನ ಹುಡುಗರ ಪಾಲು ದೊಡ್ಡದು.

ಒಂದೇ ಕಥೆ ಹತ್ತನೇ ಸಲ ಬಂದಾಗ ಹೊಸಬರು ಮೊಬೈಲ್ ತೆಗೆಯುತ್ತಾರೆ. ಅದೇ ತಪ್ಪು. ತಾಳಮದ್ದಳೆ ಕೇಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರಸಂಗ ಎಲ್ಲರಿಗೂ ಗೊತ್ತು, ಇವತ್ತು ಅರ್ಥ ಹೇಗೆ ಹೇಳುತ್ತಾರೆ ಎಂಬುದೇ ಸ್ವಾರಸ್ಯ. ನ್ಯೂ ಆರ್ಲಿಯನ್ಸಿನ ಫ್ರಾಂಕ್ ಎಲಿಸನ್ ಈ ಹವ್ಯಾಸವನ್ನೇ ನಾಟಕಕ್ಕೆ ಹೋಲಿಸಿದ್ದರು: ಹಳಿ ರಂಗಸ್ಥಳ, ರೈಲುಗಳು ಪಾತ್ರಧಾರಿಗಳು. ನಮ್ಮಲ್ಲಿ ಮತ್ತೆ ಮತ್ತೆ ಬರುವ ಪ್ರಸಂಗ ಜಾನ್ ಆಲೆನ್ ಅವರದು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಅವರು ಕಟ್ಟಿದ ಲೇಔಟಿನ ಹೆಸರನ್ನು ಬಾಯಿಬಿಟ್ಟು ಓದಿದರೆ 'ರಕ್ತಸಿಕ್ತ, ಪರಾಜಿತ' ಎಂಬರ್ಥದ ಇಂಗ್ಲಿಷ್ ಮಾತು ಕೇಳುತ್ತದೆ. ಅಲ್ಲಿ ಶಂಟಿಂಗಿಗೆ ಎಮ್ಮಾ ಎಂಬ ಡೈನೊಸಾರ್ ಇತ್ತು, ಅದಕ್ಕೆ 13ನೇ ನಂಬರ್. 1973ರ ಜನವರಿಯಲ್ಲಿ ಆಲೆನ್ ತೀರಿಕೊಂಡರು. ಹತ್ತು ದಿನ ಕಳೆಯುವಷ್ಟರಲ್ಲಿ ಬೆಂಕಿ ಬಿದ್ದು ಲೇಔಟ್ ನಾಶವಾಯಿತು. ಹೇಳುವವರು ಎಮ್ಮಾಳ ಬಳಿ ಎಷ್ಟು ಹೊತ್ತು ತಂಗುತ್ತಾರೆ, ಬೆಂಕಿಯನ್ನು ಎಷ್ಟು ಬೇಗ ದಾಟುತ್ತಾರೆ ನೋಡಿ. ಹೆಂಡತಿಯನ್ನು ಕಳೆದುಕೊಂಡ ವರ್ಷ ನಮ್ಮ ಹಿರಿಯರೊಬ್ಬರು ಬೆಂಕಿಯ ಭಾಗವನ್ನು ಹೇಳಲೇ ಇಲ್ಲ. ಯಾರೂ ಅದನ್ನು ತುಂಬಿಸಲೂ ಇಲ್ಲ.

ವಾದ ಬಂದಾಗ ಬೆದರಬೇಡಿ. ಡಬ್ಬಿಯ ಮೈಮೇಲಿನ ರಿವೆಟ್ ಕೂಡ ಎಣಿಸಿ ತಪ್ಪು ಹಿಡಿಯುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರಿಗೆ ಎದುರಾಗಿ, ಒಹಾಯೋದವರೇ ಆದ ಆಲೆನ್ ಮೆಕ್ಲೆಲಂಡ್ ಪ್ರಸಿದ್ಧಗೊಳಿಸಿದ 'ಇಷ್ಟು ಸಾಕು' ಎಂಬ ತತ್ವದವರು ಇರುತ್ತಾರೆ: ಇಡೀ ನಾಡು ಚೆನ್ನಾಗಿ ಕಂಡು ರೈಲು ಸರಿಯಾಗಿ ಓಡಿದರೆ ಒಂದೊಂದು ರಿವೆಟಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಾನು ಎರಡನೆಯ ಪಕ್ಷ. ಆದರೂ ರಿವೆಟಿನವರನ್ನು ಕಡೆಗಣಿಸಬೇಡಿ ಎಂದು ಹೊಸಬರಿಗೆ ಒತ್ತಿ ಹೇಳುತ್ತೇನೆ. ಒಮ್ಮೆ 1956ರ ಡಬ್ಬಿಯೊಂದರ ಬಣ್ಣದ ಮೇಲೆ ಮುಕ್ಕಾಲು ಗಂಟೆ ಜಗಳ ನಡೆಯಿತು. ಇಟ್ಟಿಗೆ ಕೆಂಪೋ, ಕಂದು ಬೆರೆತ ಕೆಂಪೋ? "ನಿನಗೆ ಹೇಗೆ ಗೊತ್ತು?" ಎಂದು ಒಬ್ಬರು ಕೇಳಿದರು. ಮತ್ತೊಬ್ಬರು ಡಬ್ಬಿ ಕೆಳಗಿಟ್ಟು ಹೇಳಿದರು, "ಅಪ್ಪ ಈ ಡಬ್ಬಿಗಳಿಗೆ ಬಣ್ಣ ಹಚ್ಚುವ ರೈಲ್ವೆ ಶಾಪಿನಲ್ಲಿ ಪೇಂಟರ್. ಶನಿವಾರ ನನ್ನ ಕೈ ಹಿಡಿದುಕೊಂಡು ಸಂತೆಗೆ ಹೋಗುತ್ತಿದ್ದರು. ಅವರ ಉಗುರಿನ ಸಂದಿಯಲ್ಲಿ ಈ ಬಣ್ಣ ಇರುತ್ತಿತ್ತು." ವಾದ ಅಲ್ಲಿಗೆ ನಿಂತಿತು. ಮರುವಾರ ಇಟ್ಟಿಗೆ ಕೆಂಪಿನವರು ತಮ್ಮ ಮೂರು ಡಬ್ಬಿಗೆ ಹೊಸದಾಗಿ ಬಣ್ಣ ಬಳಿದುಕೊಂಡು ಬಂದರು.

ಸಮಾಧಾನ ಹೇಳುವ ಕ್ರಮವೂ ಇಲ್ಲಿ ಬೇರೆ. ಎರಡು ಚಳಿಗಾಲ ಕೂತು ಕಟ್ಟಿದ ನನ್ನ ಉಗಿ ಎಂಜಿನ್ ಒಂದು ರಾತ್ರಿ ತಿರುವಿನಲ್ಲಿ ಹಳಿ ಬಿಟ್ಟು, ಎದೆಮಟ್ಟದಿಂದ ಸಿಮೆಂಟ್ ನೆಲಕ್ಕೆ ಬಿತ್ತು. ಆ ಸದ್ದು ಕೇಳಿದ್ದೇ ಎಲ್ಲ ರೈಲುಗಳೂ ನಿಂತವು. ಒಬ್ಬರೂ ಅಯ್ಯೋ ಅನ್ನಲಿಲ್ಲ. ಇಬ್ಬರು ಮಂಡಿಯೂರಿ ಟಾರ್ಚ್ ಹಿಡಿದು ಸ್ಕ್ರೂ, ಕಂಬಿ, ಸೀಟಿಯ ಚೂರುಗಳನ್ನು ಆಯ್ದು ಔಷಧಿ ಡಬ್ಬಿಗೆ ಹಾಕಿದರು. ಆಮೇಲೆ ಒಬ್ಬರು, "ನನ್ನದು 1988ರಲ್ಲಿ ಬಿದ್ದಾಗ ಕೆಳಗೆ ನಾಯಿ ಮಲಗಿತ್ತು" ಎಂದು ಆರಂಭಿಸಿದರು. ಇನ್ನೊಬ್ಬರದು ಮೆಟ್ಟಿಲಿನಿಂದ ಬಿದ್ದಿತ್ತು. ಮೂರನೆಯವರದು ಕಾರಿನ ಮೇಲೆ ಮರೆತು ಇಟ್ಟು ಹೊರಟು, ಹೆದ್ದಾರಿಗೆ ಬಿದ್ದಿತ್ತು. ಒಬ್ಬೊಬ್ಬರ ಪತನವೂ ನನ್ನದಕ್ಕಿಂತ ಎತ್ತರದ್ದು. ರಾತ್ರಿ ಹನ್ನೊಂದಕ್ಕೆ ಮನೆಗೆ ಹೊರಟಾಗ ನನ್ನ ಜೇಬಿನಲ್ಲಿ ಆ ಔಷಧಿ ಡಬ್ಬಿ ಇತ್ತು, ಎಂಜಿನ್ ಮಾತ್ರ ಇರಲಿಲ್ಲ. ನಾಯಿಯ ಕಥೆ ಹೇಳಿದವರು ಅದನ್ನು ನೆಟ್ಟಗೆ ಮಾಡಲು ತಮ್ಮ ಚೀಲಕ್ಕೆ ಹಾಕಿಕೊಂಡಾಗಿತ್ತು.

ಕೆಟ್ಟ ಡಬ್ಬಿಗೆ ಚೀಟಿ ಬರೆಯುವ ರೂಢಿ ಇದೆ. ನಂಬರ್, ಏನು ದೋಷ, ಎಲ್ಲಿ ಕಂಡಿತು. ನಿಜವಾದ ರೈಲಿನಿಂದ ಬಂದ ಕ್ರಮ ಅದು. ನಮ್ಮವರೊಬ್ಬರಿಗೆ ಹೃದಯದ ಆಪರೇಷನ್ ಆದಾಗ ಆಸ್ಪತ್ರೆಯ ಹಾಸಿಗೆಯ ಪಕ್ಕ ಅಂಥದೇ ಚೀಟಿ ಇಟ್ಟು ಬಂದೆವು: ದೋಷ, ಪಂಪು, ರಿಪೇರಿಯ ನಂತರ ಲೈನಿಗೆ ವಾಪಸ್. ಅವರು ಅದನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ಆರು ವರ್ಷದ ಮೇಲೆ ಅವರು ಹೋದಾಗ ಅವರ ಮಗಳು ಪರ್ಸ್ ತೆರೆದು ತೋರಿಸಿದಳು. ಅವರ ಡಬ್ಬಿಗಳು ಈಗ ನಮ್ಮೆಲ್ಲರ ಮನೆಗಳಲ್ಲಿ ಹಂಚಿಹೋಗಿವೆ. ಸಂಜೆಯ ಪಾಳಿಯಲ್ಲಿ ಯಾರಾದರೂ ಆ ನಂಬರು ಓದಿ ಹೇಳಿದರೆ, ಕಂಟ್ರೋಲರ್ ಸರಿ ಅನ್ನಲು ಒಂದು ಗಳಿಗೆ ತಡಮಾಡುತ್ತಾರೆ. ಈ ಹರಟೆ ನಿಮಗೆ ಒಲಿದಿದೆಯೇ ಎಂಬುದಕ್ಕೆ ನಾನು ಕೊಡುವ ಪರೀಕ್ಷೆ ಇದೊಂದೇ: ಆ ತಡ ನಿಮಗೆ ಕೇಳಿಸಬೇಕು.

ಕಡೆಗೆ ನೀವೂ ಏನಾದರೂ ತರಬೇಕಾಗುತ್ತದೆ. ನನ್ನ ಬಳಿ ಏನೂ ಇಲ್ಲ ಅಂದುಕೊಂಡಿದ್ದೆ. ಅರಸೀಕೆರೆಯ ಹುಡುಗ, ನೋಡಿದ್ದು ಮೀಟರ್ ಗೇಜ್. ಮೂರನೆಯ ವರ್ಷ ಒಬ್ಬರು ಹೊಸ ಡೀಸೆಲ್ ಎಂಜಿನ್ ತಂದು ಹಳಿಗಿಟ್ಟರು, ಒಳಗೆ ಕಡಲೆಕಾಯಿಯಷ್ಟು ಸ್ಪೀಕರ್. ಗುಂಡಿ ಒತ್ತಿದ ಕೂಡಲೇ ಎದ್ದ ಗುಡುಗುಡು ನನ್ನ ಬೆನ್ನುಹುರಿಗೆ ಗೊತ್ತಿತ್ತು. ಅದು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯ ಆಲ್ಕೊ ಕಂಪನಿಯ 251 ಎಂಜಿನ್ನಿನ ಸದ್ದು. ನಮ್ಮ ಮೀಟರ್ ಗೇಜಿನ ಡೀಸೆಲ್ ಎಂಜಿನ್ ವೈಡಿಎಂ-4ರ ಹೊಟ್ಟೆಯಲ್ಲಿದ್ದುದು ಅದರದೇ ಆರು ಸಿಲಿಂಡರಿನ ರೂಪ. 1969ರಲ್ಲಿ ಸ್ಕೆನೆಕ್ಟಡಿಯ ಕಾರ್ಖಾನೆ ಮುಚ್ಚಿತು, ಆದರೆ ವಾರಾಣಸಿಯಲ್ಲಿ ಆಲ್ಕೊ ವಂಶದ ಎಂಜಿನ್ನುಗಳು ಮುಂದೆಯೂ ದಶಕಗಟ್ಟಲೆ ತಯಾರಾದವು. ಇದನ್ನು ಹೇಳಿದಾಗ ಕೋಣೆ ಸ್ತಬ್ಧವಾಯಿತು. ಹುಡುಗರಾಗಿದ್ದಾಗ ಆಲ್ಕೊ ಹಿಂದೆ ಓಡಿದವರು ಅಲ್ಲಿ ಇಬ್ಬರಿದ್ದರು. ತಮ್ಮ ಕಡೆ ಮುಗಿದೇಹೋಯಿತು ಅಂದುಕೊಂಡಿದ್ದ ಸದ್ದು ನನ್ನೂರಿನ ಪ್ಲಾಟ್‌ಫಾರಂ ಮೇಲೆ ಬದುಕಿತ್ತು.

"ಘಾಟಿ ಹತ್ತುವಾಗ ಹೇಗೆ ಕೂಗುತ್ತಿತ್ತು?" ಎಂದು ಕೇಳಿದರು. ನಾನು ಸಕಲೇಶಪುರದಿಂದ ಇಳಿಯುವ ದಾರಿಯ 57 ಸುರಂಗಗಳ ಕಥೆ ಹೇಳಿದೆ. ಮಳೆಯಲ್ಲಿ ಗಾಲಿ ಜಾರುವುದನ್ನು, ಚಾಲಕ ಥ್ರಾಟಲ್ ಏರಿಸಿದಾಗ ಟರ್ಬೊ ಹಿಂದೆ ಬಿದ್ದು ಕರಿ ಹೊಗೆ ಉಕ್ಕುವುದನ್ನು ಹೇಳಿದೆ. ಮಾತು ಸಾಲದೆ ಬಾಯಿಂದಲೇ ಆ ಸದ್ದು ಮಾಡಿ ತೋರಿಸಿದೆ. ಮೇಜಿನಡಿ ವೈರು ತಡಕುತ್ತಿದ್ದವರ ಕಾಲು ಅಲುಗದೆ ನಿಂತಿತು.

"ಇನ್ನೊಂದ್ಸಲ," ಎಂದು ಕೆಳಗಿನಿಂದ ದನಿ ಬಂತು.