ಕೀಲಿಪದದಿಂದ ಗ್ರಂಥಸೂಚಿಗೆ

ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನಲ್ಲಿರುವ, ಶಿವಭಕ್ತ ಏಕಾಂತದ ರಾಮಯ್ಯನ ಶಾಸನದ ಮೇಲೆ ಅಕ್ಷರಜೋಡಣೆಯ ತಂತ್ರಾಂಶ ಲ್ಯಾಟೆಕ್‌ನಲ್ಲಿ ಪ್ರಬಂಧ ಬರೆಯುವಾಗ, ಆಧಾರದ ಜಾಗದಲ್ಲಿ ‘ಫ್ಲೀಟ್‌ಅಬ್ಬಲೂರು’ ಎಂಬಂಥ ಪುಟ್ಟ ಕೀಲಿಪದವಷ್ಟೇ ಇರುತ್ತದೆ. ಪೂರ್ಣ ವಿವರ ಇರುವುದು ಬಿಬ್‌ಟೆಕ್ ಕಡತದಲ್ಲಿ: ಜೆ. ಎಫ್. ಫ್ಲೀಟ್, ಎಪಿಗ್ರಾಫಿಯಾ ಇಂಡಿಕಾ, 5ನೇ ಸಂಪುಟ. ಪಠ್ಯ ಸಂಪಾದಕ ಈಮ್ಯಾಕ್ಸ್‌ನ ರೆಫ್‌ಟೆಕ್ ಎಂಬ ಉಪಕರಣ ಇವೆರಡನ್ನೂ ಬಲು ಸೊಗಸಾಗಿ ಬೆಸೆಯುತ್ತದೆ. ಕರ್ಸರನ್ನು ಕೀಲಿಪದದ ಮೇಲಿಟ್ಟು ಕಂಟ್ರೋಲ್-ಸಿ, ಬಳಿಕ & ಒತ್ತಿದರೆ ಇನ್ನೊಂದು ವಿಂಡೋದಲ್ಲಿ ಆ ನಮೂದೇ ಕಾಣುತ್ತದೆ; ಬರೆಯುತ್ತಿದ್ದ ಸಾಲು ಕಣ್ಮರೆಯಾಗುವುದಿಲ್ಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು ಸೀಮೆಯ ಅಧ್ಯಯನಕ್ಕೆ ಈ ಸೌಲಭ್ಯದ ಬೆಲೆ ಹೆಚ್ಚು. ಏಕೆಂದರೆ ಈ ಸೀಮೆಯೂ ಸೇರಿದ್ದ ಹಿಂದಿನ ಮುಂಬಯಿ ಕರ್ನಾಟಕದ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18, 20ನೇ ಸಂಪುಟಗಳಲ್ಲಿ ಹರಡಿಕೊಂಡಿವೆ. ಸಂಪುಟದ ಸಂಖ್ಯೆ ತಪ್ಪಿದ್ದರೆ ನಮೂದಿನಲ್ಲಿ ಒಮ್ಮೆ ತಿದ್ದಿದರಾಯಿತು. ಕಡತವನ್ನು ಮತ್ತೆ ಸಂಸ್ಕರಿಸಿದಾಗ ಗ್ರಂಥಸೂಚಿಯೂ ಸರಿಯಾಗುತ್ತದೆ.