ಭಾವಾಭಿವ್ಯಕ್ತಿ ಮತ್ತು ಬೋಧನೆ: ಥೆರೆಜಿನ್ ಮಕ್ಕಳ ಚಿತ್ರಗಳನ್ನು ಕುರಿತು

ಚಿತ್ರವು ಮಗುವಿನ ಭಾವನೆಗಳ ಅಭಿವ್ಯಕ್ತಿ ಎಂಬ ಮಾತು ಪ್ರಾಥಮಿಕ ಹಂತದ ಕಲಾಶಿಕ್ಷಣದ ಚರ್ಚೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಆದರೆ ಆ ಅಭಿವ್ಯಕ್ತಿಯನ್ನು ಶಿಕ್ಷಕರು ಕಲಿಸುವುದು ಹೇಗೆ ಎಂಬ ಪ್ರಶ್ನೆಗೆ ಅಷ್ಟೇ ಖಚಿತವಾದ ಉತ್ತರ ದೊರೆಯುವುದಿಲ್ಲ. ದುಃಖವನ್ನು ಚಿತ್ರಿಸಲು ಹೇಳಿದರೆ ಮಗು ಕಣ್ಣೀರು ಸುರಿಸುವ ಮುಖವೊಂದನ್ನು ಬರೆದು ಮುಗಿಸಬಹುದು. ಅದು ಎಲ್ಲರಿಗೂ ಗೊತ್ತಿರುವ ದುಃಖದ ಚಿಹ್ನೆಯೇ ಹೊರತು ಆ ಮಗುವಿನ ದುಃಖವಲ್ಲ. ಈ ಸಮಸ್ಯೆಯನ್ನು ಅತ್ಯಂತ ದಾರುಣ ಸನ್ನಿವೇಶದಲ್ಲಿ ಎದುರಿಸಿದ ಶಿಕ್ಷಕಿಯೊಬ್ಬರ ಕೆಲಸವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಫ್ರೀಡ್ಲ್ ಡಿಕರ್-ಬ್ರಾಂಡೈಸ್ 1898ರಲ್ಲಿ ವಿಯೆನ್ನಾದಲ್ಲಿ ಜನಿಸಿದರು. ಯೋಹಾನೆಸ್ ಇಟೆನ್ ಅವರ ಶಿಷ್ಯೆಯಾಗಿದ್ದ ಅವರು 1919ರಲ್ಲಿ ಗುರುವನ್ನು ಅನುಸರಿಸಿ ವೈಮಾರಿನ ಬೌಹೌಸ್ ಕಲಾಶಾಲೆಯನ್ನು ಸೇರಿದರು. ಯಹೂದಿಯಾಗಿದ್ದ ಕಾರಣಕ್ಕೆ ನಾಜಿಗಳು 1942ರ ಡಿಸೆಂಬರಿನಲ್ಲಿ ಅವರನ್ನು ಇಂದಿನ ಚೆಕ್ ಗಣರಾಜ್ಯದಲ್ಲಿರುವ ಥೆರೆಜಿನ್‌ಗೆ ಸಾಗಿಸಿದರು. ಶಾಲಾಪಾಠಗಳಿಗೆ ನಿಷೇಧವಿದ್ದ ಆ ಬಂಧನದ ಊರಿನಲ್ಲಿ ಅವರು ಮಕ್ಕಳಿಗೆ ಚಿತ್ರಕಲೆ ಕಲಿಸಿದರು. 1944ರ ಅಕ್ಟೋಬರಿನಲ್ಲಿ ಔಷ್ವಿಟ್ಸ್‌ನಲ್ಲಿ ಅವರ ಹತ್ಯೆಯಾಯಿತು. ಎರಡು ಪೆಟ್ಟಿಗೆಗಳಲ್ಲಿ ಉಳಿದುಬಂದ ಸುಮಾರು 4,500 ಮಕ್ಕಳ ಚಿತ್ರಗಳು ಇಂದು ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ.

ಗಮನಿಸಬೇಕಾದುದು ಅವರ ಬೋಧನಕ್ರಮವನ್ನು. ಅವರ ಪಾಠದ ಆರಂಭಬಿಂದು ಭಯವಲ್ಲ, ಲಯ. ಇಟೆನ್ ಅವರಿಂದ ಕಲಿತಂತೆ ಕೈಯ ಚಲನೆಯ ಲಯವನ್ನು ರೇಖೆಯಾಗಿಸುವ ಅಭ್ಯಾಸ, ಎದುರಿಗಿಟ್ಟ ವಸ್ತುಗಳ ಚಿತ್ರಣ, ಹಿಂದಿನ ಮಹಾಕಲಾವಿದರ ಕೃತಿಗಳ ಸಂಯೋಜನೆಯ ಅಧ್ಯಯನ, ಬಳಸಿ ಬಿಟ್ಟ ಕಚೇರಿ ಕಾಗದಗಳಿಂದ ಕೊಲಾಜ್: ಇವು ಅವರ ಪಾಠಗಳು. ಚಿತ್ರದ ಮೇಲೆ ಮಕ್ಕಳು ತಮ್ಮ ಹೆಸರು ಬರೆಯುವುದಕ್ಕೆ ಅವರು ಮಹತ್ವ ನೀಡಿದರು. ಮನುಷ್ಯರನ್ನು ಸಂಖ್ಯೆಗಳಾಗಿ ಎಣಿಸುತ್ತಿದ್ದ ವ್ಯವಸ್ಥೆಯೊಳಗೆ ಇದು ಸಣ್ಣ ಸಂಗತಿಯಲ್ಲ.

ಈ ಚಿತ್ರಗಳನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಓದಲಾಗುತ್ತದೆ. ಮಂಚಗಳ ಸಾಲು, ಕಾವಲುಗಾರರು ಕಂಡರೆ ಯಾತನೆಯ ಸಾಕ್ಷ್ಯವೆಂದೂ, ಹೂವು, ಚಿಟ್ಟೆ, ಮನೆ ಕಂಡರೆ ವಾಸ್ತವದಿಂದ ಬಿಡುಗಡೆಯೆಂದೂ ಅರ್ಥೈಸಲಾಗುತ್ತದೆ. ಎರಡೂ ಓದುಗಳು ಚಿತ್ರದ ವಸ್ತುವಿನಲ್ಲಿ ಮಾತ್ರ ಭಾವವನ್ನು ಹುಡುಕುತ್ತವೆ. ಆದರೆ ಭಾವವು ರೇಖೆಯ ಒತ್ತಡದಲ್ಲಿ, ಬಿಟ್ಟ ಖಾಲಿ ಜಾಗದಲ್ಲಿ, ಆಕಾರಗಳ ನಡುವಿನ ಅಂತರದಲ್ಲಿಯೂ ನೆಲೆಸುತ್ತದೆ. ಮೇಜಿನ ಮೇಲಿನ ಹೂದಾನಿಯೂ ಮಗುವಿನ ಅಂತರಂಗವನ್ನು ನುಡಿಯಬಲ್ಲದು. ಅದಕ್ಕೆ ಬೇಕಾದ ಭಾಷೆಯನ್ನು ಈ ಶಿಕ್ಷಕಿ ಕಲಿಸಿದರು. ಏನು ಹೇಳಬೇಕೆಂಬುದನ್ನು ಮಗುವಿಗೆ ಬಿಟ್ಟರು. ಕಲೆ ಆ ಮಕ್ಕಳನ್ನು ಉಳಿಸಿತೆಂದು ಹೇಳುವಂತಿಲ್ಲ, ಅವರಲ್ಲಿ ಬಹುಪಾಲು ಮಕ್ಕಳು ಕೊಲ್ಲಲ್ಪಟ್ಟರು. ಆದ್ದರಿಂದಲೇ ಈ ಚಿತ್ರಗಳನ್ನು ಕೇವಲ ಕರುಣೆಯಿಂದ ನೋಡದೆ, ಕಲಿತ ಕೈಗಳ ಕೃತಿಗಳೆಂದು ನೋಡುವುದು ಆ ಮಕ್ಕಳಿಗೆ ಸಲ್ಲಬೇಕಾದ ಗೌರವ.

ನಮ್ಮ ಸಂದರ್ಭಕ್ಕೂ ಇದು ಪ್ರಸ್ತುತವಾದುದು. ಶಾಂತಿನಿಕೇತನದಲ್ಲಿ ಕಲಿತು 1944ರಲ್ಲಿ ಸೇವಾಗ್ರಾಮಕ್ಕೆ ಬಂದ ದೇವಿಪ್ರಸಾದರು ನಯೀ ತಾಲೀಮಿನಲ್ಲಿ ಕಲೆಗೆ ಕೇಂದ್ರಸ್ಥಾನವನ್ನು ಕೋರಿದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಶಾಲಾಶಿಕ್ಷಣದ ಅವಿಭಾಜ್ಯ ಅಂಗವೆಂದು ಪರಿಗಣಿಸಿತು. ಆದರೂ ತರಗತಿಯ ಕಲಾಬೋಧನೆ ಎರಡು ಅತಿಗಳ ನಡುವೆ ತೊಳಲಾಡುವ ಅಪಾಯ ಇದ್ದೇ ಇದೆ: ಕಪ್ಪುಹಲಗೆಯ ಚಿತ್ರವನ್ನು ನಕಲು ಮಾಡಿಸುವುದು ಒಂದು, 'ಇಷ್ಟ ಬಂದದ್ದನ್ನು ಬರೆಯಿರಿ' ಎಂದು ಕೈಬಿಡುವುದು ಇನ್ನೊಂದು. ಮೊದಲನೆಯದು ಮಗುವಿನ ಮಾತನ್ನು ಕಸಿದುಕೊಳ್ಳುತ್ತದೆ. ಎರಡನೆಯದು ಮಾತನಾಡೆಂದು ಹೇಳಿಯೂ ಭಾಷೆಯನ್ನು ಕೊಡುವುದಿಲ್ಲ. ಭಾವವನ್ನು ಕಲಿಸಲಾಗದು, ಅದು ಮೂಡಿಬರುವ ದಾರಿಯನ್ನು ಕಲಿಸಬಹುದು. ಥೆರೆಜಿನ್‌ನ ಚಿತ್ರಗಳು ಶಿಕ್ಷಕರ ಮುಂದಿಡುವ ಹೊಣೆಯೂ ಇದೇ ಆಗಿದೆ.